ಸಾನಮಾವಿನಲ್ಲಿ ಹಾಸ್ಟೆಲ್ ಜೈಕಾರ

ವಾರ್ಷಿಕೋತ್ಸವದ ಸಂಜೆ ಹಳೇ ಹುಡುಗರು ಎಲ್ಲೇ ಇದ್ದರೂ ಎದ್ದುನಿಂತು ಜೈಕಾರ ಕೂಗಬೇಕೆಂಬುದು ಬೆಂಗಳೂರಿನ ನಮ್ಮ ಹಾಸ್ಟೆಲಿನ ನಿಯಮ. ಯುದ್ಧಕಾಲ, ಪೆಟ್ರೋಲಿಲ್ಲದೆ ಬೆಂಗಳೂರಿನ ಬಸ್ಸು ನಿಂತಿತ್ತು. ಕಾಡಂಚಿನ ಹಳ್ಳಿ ಸಾನಮಾವಿನಲ್ಲಿ ಮೇಷ್ಟ್ರಾಗಿದ್ದ ನಾನು ಶಾಲೆಯ ಜಗಲಿಯ ಮೇಲೆ ಒಬ್ಬನೇ ನಿಂತು ಗಂಟಲು ಹರಿಯುವಂತೆ ಕೂಗಿದೆ. ಊರಿಗೆ ಊರೇ ತಮಟೆ, ಪಂಜು ಹಿಡಿದು ಓಡಿಬಂತು.

“ಆನೆ ಎಲ್ಲಿ ಮೇಷ್ಟ್ರೇ?” ಎಂದರು ಊರಗೌಡರು.

ಆನೆಯಿಲ್ಲ, ಇದು ಹಾಸ್ಟೆಲಿನ ಅಭಿಮಾನ ಎಂದೆ.

“ಬೆಂಗ್ಳೂರ್ಗೆ ಕೇಳಿಸ್ತದಾ?”

“ಇಲ್ಲ.”

“ಮುದ್ದೆ ಬಿಟ್ಟೆದ್ದು ಬಂದ್ವಲ್ಲ,” ಎಂದು ಗೊಣಗುತ್ತ ಹೋದರು.

ರಾಗಿ ತೆನೆ ಬಲಿತಾಗ ಗೌಡರೇ ಬಂದರು. “ಹೊಲಕ್ಕೆ ಆನೆ ಬಂದವೆ. ಆವತ್ತಿಂದು ಒಂದ್ಸಲ ಕೂಗ್ಬುಡಿ.”

ಕೂಗಿದೆ. ಆನೆಗಳು ಕಾಡಿಗೆ ತಿರುಗಿದವು.

ಬೆಂಗಳೂರಿನವರಿಗೆ ವಾರ್ಷಿಕೋತ್ಸವ ವರ್ಷಕ್ಕೊಂದು. ನನಗೆ ಮಾತ್ರ ರಾಗಿ ಕೊಯ್ಲು ಮುಗಿಯುವವರೆಗೂ ದಿನಾ ಸಂಜೆ.