ಊಟದ ಮೇಜಿನ ಮೇಲಿನ ಆಮೆ

ಆ ಬೇಸಿಗೆ ಪೂರ್ತಿ ನಾವು ನೆಲದ ಮೇಲೆ ಕುಳಿತು ಊಟ ಮಾಡಿದೆವು. ಊಟದ ಮೇಜಿನ ಮೇಲೆ ಹಳೇ ಪೇಪರ್ ಹಾಸಿ, ಈಜುಕೊಳ ತೊಳೆಯುವ ರೋಬೋಟನ್ನು ನನ್ನ ಗಂಡ ಅಂಗಾತ ಮಲಗಿಸಿದ್ದರು. ಹೊಟ್ಟೆ ಬಿಚ್ಚಿ ಬಿದ್ದಿತ್ತು. ಚಕ್ರ ಒಂದು ಕಡೆ, ಬ್ರಷ್ಷು ಇನ್ನೊಂದು ಕಡೆ, ಸ್ಕ್ರೂಗಳೆಲ್ಲ ನನ್ನ ಉಪ್ಪಿನಕಾಯಿ ಬಟ್ಟಲಲ್ಲಿ. ಬಟ್ಟಲು ಎತ್ತಲು ಹೋದರೆ, "ಏ, ಮುಟ್ಟಬ್ಯಾಡ, ಎಲ್ಲಾ ಲೆಕ್ಕ ಇಟ್ಟೀನಿ" ಎಂದು ಗದರುತ್ತಿದ್ದರು. ಲೆಕ್ಕ ಇಟ್ಟವರು ಆಮೇಲೆ ಸೋಫಾದ ಕೆಳಗೆ ಟಾರ್ಚ್ ಹಿಡಿದು ಯಾಕೆ ಹುಡುಕುತ್ತಿದ್ದರೋ ಶಿವನೇ ಬಲ್ಲ.

ಈಜುಕೊಳ ಎಂದ ಕೂಡಲೇ ನಮ್ಮನ್ನು ಭಾರೀ ಕುಳಗಳು ಎಂದುಕೊಳ್ಳಬೇಡಿ. ಎಸ್.ಎಸ್. ಬಡಾವಣೆಯ ಈ ಮನೆ ಕೊಂಡಾಗ ಹಿತ್ತಲಲ್ಲಿ ಅದೂ ಇತ್ತು, ಅಷ್ಟೆ. ಹಿಂದಿನ ಮಾಲೀಕರು ದಲಾಲಿ ಮಂಡಿಯವರು, ಮೊಮ್ಮಕ್ಕಳಿಗೆಂದು ಕಟ್ಟಿಸಿದ್ದರಂತೆ. ನಾವು ಅದಕ್ಕೆ ನೀರೇ ಬಿಟ್ಟಿರಲಿಲ್ಲ. ಮೆಟ್ಟಿಲಿಳಿದು ಹೋಗಿ ನೀಲಿ ಟೈಲ್ಸಿನ ಮೇಲೆ ಹಪ್ಪಳ, ಸಂಡಿಗೆ ಒಣಹಾಕುತ್ತಿದ್ದೆ. ಬಿಸಿಲು ಚೆನ್ನಾಗಿ ಬೀಳುತ್ತಿತ್ತು. ಹಾಗೇ ಇದ್ದಿದ್ದರೆ ಎಷ್ಟು ಸುಖವಾಗಿರುತ್ತಿದ್ದೆ.

ಅಷ್ಟರಲ್ಲಿ ನಮ್ಮ ಅತ್ತೆ ಬಚ್ಚಲಲ್ಲಿ ಜಾರಿಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಕಾಲು ಊರಲು ಅವರಿಗೆ ಆಗುತ್ತಿರಲಿಲ್ಲ, ಊರಿದರೆ ಜೀವ ಹೋಗುವ ನೋವು. ಪಿ.ಜೆ. ಬಡಾವಣೆಯ ಡಾಕ್ಟರು ಹೇಳಿದರು: "ನೀರಲ್ಲಿ ನಡೆಸಿ. ನೀರಲ್ಲಿ ಮೈಭಾರ ಗೊತ್ತಾಗಲ್ಲ. ಈಗ ನಡೆಸದೆ ಬಿಟ್ರೆ ಕೀಲು ಹಿಡ್ಕೊಂಡುಬಿಡುತ್ತೆ, ಆಮೇಲೆ ಗಾಲಿಕುರ್ಚಿನೇ." ಗಾಲಿಕುರ್ಚಿ ಎಂದ ಕೂಡಲೇ ಅತ್ತೆಯ ಮುಖ ಸಣ್ಣಗಾಯಿತು.

ಹಪ್ಪಳ ಮೇಲೆ ಬಂತು, ನೀರು ಕೆಳಗೆ ಇಳಿಯಿತು. ಯಾರು ಅವರ ಜೊತೆ ನೀರಿಗಿಳಿಯಬೇಕು ಎಂಬ ಪ್ರಶ್ನೆಯೇ ಏಳಲಿಲ್ಲ. ಮಗನ ಮುಂದೆ ಒದ್ದೆ ಸೀರೆಯಲ್ಲಿ ನಿಲ್ಲುವುದುಂಟೇ? ನಾನೇ ಇಳಿಯಬೇಕಾಯಿತು. ನಾನು ಹುಟ್ಟಿ ಬೆಳೆದದ್ದು ಇದೇ ಊರಿನ ವಿನೋಬನಗರದಲ್ಲಿ. ನಮ್ಮ ಪಾಲಿಗೆ ನೀರೆಂದರೆ ಬೀದಿ ನಲ್ಲಿ, ಕೊಡ, ಜಗಳ. ಈಜು ಕಲಿಯುವ ಮಾತೆಲ್ಲಿ ಬಂತು? ಕೊಳದ ಒಂದು ಕಡೆ ಸೊಂಟದ ಮಟ್ಟ, ಇನ್ನೊಂದು ಕಡೆ ತಲೆ ಮುಳುಗುವಷ್ಟು. ನಾನು ಸೊಂಟದ ಮಟ್ಟದ ಕಡೆ ಅತ್ತೆಯ ಕೈ ಹಿಡಿದು ಆ ಗೋಡೆಯಿಂದ ಈ ಗೋಡೆಗೆ ನಡೆಸುತ್ತಿದ್ದೆ. ಪಾಪ, ವಯಸ್ಸಾದ ಜೀವ, ಹೆದರಬಾರದಲ್ಲ ಎಂದು ಬಿಗಿಯಾಗಿ ಹಿಡಿಯುತ್ತಿದ್ದೆ. ನಾನು ಬಟ್ಟೆ ಬದಲಿಸಿ ಬರುವಷ್ಟರಲ್ಲಿ ಅವರು ದಂಡೆಯ ಮೇಲೆ ಕುರ್ಚಿಯಲ್ಲಿ ಕುಳಿತೇ ಸೀರೆಯನ್ನು ಕಚ್ಚೆ ಕಟ್ಟಿಕೊಂಡು ತಯಾರಾಗಿರುತ್ತಿದ್ದರು.

ಕೆಲವೇ ವಾರಗಳಲ್ಲಿ ಫಲ ಕಂಡಿತು. ವಾಕರ್ ಬಿಟ್ಟು, ಗೋಡೆ ಹಿಡಿದುಕೊಂಡು ಅಡುಗೆಮನೆಯವರೆಗೆ ಬಂದ ದಿನ ಅತ್ತೆ ತಾವೇ ಚಹಾಕ್ಕೆ ನೀರಿಟ್ಟರು. ನನಗೆ ಎಷ್ಟು ಸಂತೋಷವಾಯಿತೆಂದರೆ ಚಹಾದಲ್ಲಿ ಸಕ್ಕರೆ ಇಲ್ಲದ್ದು ಕುಡಿದು ಮುಗಿಸಿದ ಮೇಲೆ ಗೊತ್ತಾಯಿತು.

ರೋಬೋಟು ಬಂದದ್ದು ಪಾಚಿಯ ದೆಸೆಯಿಂದ. ಸುತ್ತ ಖಾಲಿ ಸೈಟುಗಳಲ್ಲೆಲ್ಲ ಮನೆ ಕಟ್ಟುತ್ತಾರೆ, ಆ ಧೂಳೆಲ್ಲ ನಮ್ಮ ನೀರಿಗೇ ಬೀಳುತ್ತದೆ. ಸ್ವಲ್ಪ ಬಿಟ್ಟರೆ ತಳ ಜಾರುತ್ತದೆ. ಮುರಿದ ಸೊಂಟದವರನ್ನು ಅಲ್ಲಿ ನಿಲ್ಲಿಸುವುದು ಹೇಗೆ? ಪ್ರತಿ ಸಲವೂ ನೀರು ಖಾಲಿ ಮಾಡಿ ಉಜ್ಜೋಣವೆಂದರೆ ಬೇಸಿಗೆಯಲ್ಲಿ ಬೋರು ಬಿಕ್ಕಳಿಸುತ್ತಿತ್ತು. ಉದ್ದ ಕೋಲಿನ ಬ್ರಷ್ ತಂದು ನಾನೇ ಉಜ್ಜಿ ನನ್ನ ಸೊಂಟವೂ ಹಿಡಿದುಕೊಂಡಿತು. ಆಗ ನನ್ನ ಗಂಡ ಮುಚ್ಚುತ್ತಿದ್ದ ರೆಸಾರ್ಟೊಂದರಿಂದ ಹಳೇ ರೋಬೋಟನ್ನು ಹೊತ್ತು ತಂದರು. ಅದು ತಳದಲ್ಲಿ ತೆವಳಿಕೊಂಡು, ಕಸ ಎಳೆದುಕೊಂಡು, ಗೋಡೆಯನ್ನೂ ಏರಿ ಉಜ್ಜಿ ಬರುತ್ತಿತ್ತು. ಅತ್ತೆ ಅದಕ್ಕೆ ಆಮೆ ಎಂದು ಹೆಸರಿಟ್ಟರು.

ಒಂದು ದಿನ ಆಮೆ ಕೊಳದ ನಡುವೆ ಗುಂಯ್ ಎಂದು ನಿಂತುಬಿಟ್ಟಿತು. ಜಪ್ಪಯ್ಯ ಅಂದರೂ ಅಲುಗಲಿಲ್ಲ.

ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹುಡುಗಿ ಬಲು ನಯವಾಗಿ, "ಮೇಡಂ, ಆ ಮಾಡೆಲ್ ನಿಂತೋಗಿದೆ. ಮೋಟರ್ ಸೀಲ್ ಆಗಿರೋದು, ಬಿಚ್ಚೋಕೆ ಬರಲ್ಲ. ಹೊಸದೇ ತಗೊಂಬಿಡಿ" ಎಂದಳು. ಫೋನನ್ನು ಸ್ಪೀಕರಿನಲ್ಲಿ ಇಟ್ಟದ್ದು ನನ್ನ ಗ್ರಹಚಾರ. ಗಂಡನ ಕಿವಿಗೆ ಬಿತ್ತು. ಅವರು ಹರಿಹರದ ಕಾರ್ಖಾನೆಯೊಂದರಲ್ಲಿ ಜೀವಮಾನವಿಡೀ ಮೆಷೀನ್ ರಿಪೇರಿ ಮಾಡಿ ನಿವೃತ್ತರಾದವರು.

"ಬಿಚ್ಚಾಕ ಬರಲ್ವಂತೆ! ಮುಚ್ಚಿದಾನು ಮನುಷ್ಯಾನೇ ಅಲ್ಲೇನು? ತಾ ಇಲ್ಲಿ ಸ್ಕ್ರೂಡ್ರೈವರ್."

ಸ್ಕ್ರೂಡ್ರೈವರ್ ಹಿಡಿಯಲಿಲ್ಲ, ಸ್ಕ್ರೂಗಳ ತಲೆ ನಕ್ಷತ್ರದ ಆಕಾರದಲ್ಲಿತ್ತು. ಹಳೆಯದೊಂದನ್ನು ಉಜ್ಜಿ ಉಜ್ಜಿ ಆ ಆಕಾರಕ್ಕೆ ತಂದರು. ಹೊಟ್ಟೆ ಬಿಚ್ಚಿದಾಗ ನೀರು ಎಳೆಯುವ ಫ್ಯಾನಿನ ಬುಡದಲ್ಲಿ ಕರ್ರಗೆ, ಲೋಳೆ ಲೋಳೆಯಾಗಿ ಏನೋ ಸುತ್ತಿಕೊಂಡಿತ್ತು. ಚಿಮಟದಲ್ಲಿ ಹಿಡಿದು ನನ್ನ ಮೂಗಿನ ಮುಂದೆ ತಂದರು.

"ನೋಡು. ನಿನ್ನ ಕೂದ್ಲು."

ನನ್ನ ತಲೆಯಲ್ಲಿ ಉಳಿದಿರುವುದೇ ನಾಲ್ಕು ಎಳೆ! ಅವಮಾನ ನುಂಗಿಕೊಂಡೆ. ಮರುದಿನವೇ ರಬ್ಬರ್ ಟೋಪಿ ತಂದುಕೊಟ್ಟರು. ಐವತ್ತು ದಾಟಿದ ಹೆಂಗಸು, ಹಳೇ ಚೂಡಿದಾರ, ತಲೆಗೆ ನೀಲಿ ರಬ್ಬರ್ ಟೋಪಿ. ಅತ್ತೆ ನೋಡಿ ಸೆರಗು ಬಾಯಿಗೆ ಹಿಡಿದು ನಕ್ಕರು.

ಆಮೆ ಸ್ವಲ್ಪ ದಿನ ಓಡಿತು, ಮತ್ತೆ ನಿಂತಿತು. ಮತ್ತೆ ಮೇಜು, ಮತ್ತೆ ಪೇಪರ್, ಮತ್ತೆ ನನ್ನ ಬಟ್ಟಲು. ಮತ್ತೆ ಅದೇ ಕರಿ ಲೋಳೆ.

"ಟೋಪಿ ಹಾಕ್ಕಂಡೇ ಇಳಿತೀನ್ರೀ!" ಎಂದೆ.

"ಕಿವಿ ಹತ್ರ ಹೊರಗೆ ಬಂದಿರ್ತೈತೆ."

ಪಿತ್ತ ನೆತ್ತಿಗೇರಿತು. ಆಮೆಯ ಕಸದ ಜಾಲರಿಯಲ್ಲಿ ಬಾಡಿದ ಬಿಳಿ ಹೂ ಬೇರೆ ದಿನಾ ಸಿಗುತ್ತಿದ್ದವು. ಪಕ್ಕದ ಮನೆಯ ನಂದಿಬಟ್ಟಲು ಗಿಡ ನಮ್ಮ ಕಾಂಪೌಂಡಿಗೆ ಬಾಗಿತ್ತು. ಆ ಸಿಟ್ಟನ್ನೆಲ್ಲ ಅದರ ಮೇಲೆ ತೀರಿಸಿದೆ. ಪಕ್ಕದ ಮನೆಯಾಕೆಯ ಹತ್ತಿರ ಜಗಳ ಮಾಡಿ, ಕೊಂಬೆ ಕಡಿಸಿಯೇ ಬಿಟ್ಟೆ. ಆಕೆ ಈಗಲೂ ನನ್ನನ್ನು ಕಂಡರೆ ಮುಖ ತಿರುಗಿಸುತ್ತಾಳೆ.

ಈ ಸಲ ಕೂದಲು ತೆಗೆದರೂ ಆಮೆ ಏಳಲಿಲ್ಲ. ಫ್ಯಾನಿನ ಬುಡದ ರಬ್ಬರ್ ಉಂಗುರ ಸವೆದು ಮೋಟರಿಗೆ ನೀರು ನುಗ್ಗುತ್ತಿದೆ ಎಂದು ಪತ್ತೆಮಾಡಿದರು. ಆ ಉಂಗುರ ಎಲ್ಲಿಯೂ ಸಿಗುವುದಿಲ್ಲ. ಸರಿ, ನಡಿ ಹರಿಹರಕ್ಕೆ. ಅಲ್ಲಿ ಅವರ ಕಾರ್ಖಾನೆ ಕಾಲದ ಗೆಳೆಯರೊಬ್ಬರು ಲೇತ್ ಅಂಗಡಿ ಇಟ್ಟಿದ್ದಾರೆ. ಹೊರಡುವಾಗ ಅತ್ತೆ ಮಂಚದಿಂದಲೇ, "ಹೊಳಿಗೆ ನೀರು ಬಂದೈತಾ ನೋಡ್ಕಂಡು ಬಾರವ್ವ" ಎಂದರು. ಅವರ ತವರೂ ಹರಿಹರವೇ, ಹೊಳೆ ದಂಡೆಯ ಓಣಿ. ಯಾರು ಹರಿಹರಕ್ಕೆ ಹೊರಟರೂ ಅವರದು ಇದೇ ಮಾತು.

ಆಮೆಯನ್ನು ಸ್ಕೂಟರಿನಲ್ಲಿ ಕಾಲಿನ ಹತ್ತಿರ ಇಟ್ಟುಕೊಂಡು ಅವರು, ಅದರ ಉದ್ದದ ವೈರು ಹೆಗಲಿಗೆ ಸುತ್ತಿಕೊಂಡು ಹಿಂದೆ ನಾನು. ಸಿಗ್ನಲ್ಲಿನಲ್ಲಿ ಆಟೋದವನೊಬ್ಬ, "ಏನಕ್ಕಾ ಅದು, ಬಾಂಬಾ?" ಎಂದು ಕೇಳಿದ. ನನ್ನ ಮುಖ ನೋಡಿದ್ದರೆ ಬಾಂಬು ಯಾವುದೆಂದು ಅವನಿಗೇ ತಿಳಿಯುತ್ತಿತ್ತು. ಅಂಗಡಿಯಲ್ಲಿ ಗೆಳೆಯರಿಬ್ಬರೂ ಹೆಣ್ಣು ನೋಡಲು ಬಂದವರ ಹಾಗೆ ಆಮೆಯ ಸುತ್ತ ಕುಳಿತರು. ಚಹಾ ಬಂತು, ಮಂಡಕ್ಕಿ ಬಂತು, ಕಾರ್ಖಾನೆಯ ಹಳೇ ಫೋರ್‌ಮನ್ ಸುದ್ದಿ ಬಂತು. ಉಂಗುರ ಮಾತ್ರ ಸಂಜೆಗೆ ಬಂತು. ಹೊಳೆ ನೋಡಲು ಹೊತ್ತೇ ಸಿಗಲಿಲ್ಲ. ಮನೆಗೆ ಬಂದು, "ನೀರಿಲ್ಲ, ಬಂಡೆ ಕಾಣ್ತವೆ" ಎಂದು ಸುಳ್ಳು ಹೇಳಿದೆ.

ಹೊಸ ಉಂಗುರ ಹಾಕಿದ ಆಮೆ ಒಂದು ವಾರವೂ ಬಾಳಲಿಲ್ಲ.

ಇಷ್ಟರಲ್ಲಿ ಅತ್ತೆಯ ಕಾಲು ಮತ್ತೆ ಹಿಡಿದುಕೊಳ್ಳತೊಡಗಿತು. ಕೊಳ ಹಸಿರಾಗಿ ಹೋಗಿತ್ತು, ಇಳಿಯುವ ಮಾತೇ ಇಲ್ಲ. ಅಡುಗೆಮನೆಗೆ ಬರುತ್ತಿದ್ದವರು ಹಾಲ್‌ವರೆಗೆ ಬಂದು ಕೂರತೊಡಗಿದರು. ಮತ್ತೆ ವಾಕರ್ ಹಿಡಿದರು. ಕೊನೆಗೆ ಬಚ್ಚಲಿಗೆ ಹೋಗಲೂ ನನ್ನನ್ನು ಕೂಗಬೇಕಾಯಿತು. ಕೂಗಲು ನಾಚಿಕೆಪಟ್ಟು ಬೆಳಿಗ್ಗೆ ನೀರು ಕುಡಿಯುವುದನ್ನೇ ಬಿಟ್ಟಿದ್ದರು. ಅದು ಗೊತ್ತಾದ ದಿನ ನನಗೆ ತಡೆಯಲಾಗಲಿಲ್ಲ.

"ಇವತ್ತೇ ಹೊಸದು ತರಿಸ್ತೀನಿ. ನಿಮಗೆ ನಿಮ್ಮ ಹಟ ದೊಡ್ಡದೋ, ನಿಮ್ಮ ಅವ್ವನ ಕಾಲು ದೊಡ್ಡದೋ?" ಎಂದು ಫೋನ್ ಹಿಡಿದು ನಿಂತೆ.

ಅವರು ತಲೆ ಎತ್ತಲಿಲ್ಲ. ಸ್ಕ್ರೂ ಬಿಚ್ಚುತ್ತಲೇ, "ಹೊಸದು ಬಂದ್ರೂ ಹಿಂಗೇ ಹಾಳಾಗ್ತೈತೆ. ಯಾಕ ಹಾಳಾಗ್ತೈತೆ ಅಂತ ತಿಳಿಬೇಕಲ್ಲ" ಎಂದರು. "ಇದೊಂದು ಸಲ. ಲೈಟ್ ಹಿಡಿ."

ಹಲ್ಲು ಕಚ್ಚಿಕೊಂಡು ಫೋನಿನ ಲೈಟ್ ಹಿಡಿದೆ. ಅದೇ ಸ್ಕ್ರೂ, ಅದೇ ಫ್ಯಾನು, ಅದೇ ಕರಿ ಲೋಳೆ. ಉಂಗುರದ ಅಂಚನ್ನು ಅದು ಕೊಯ್ದುಹಾಕಿತ್ತು. "ನಿನ್ನ ಕೂ..." ಎನ್ನುವಷ್ಟರಲ್ಲಿ ಚಿಮಟವನ್ನೇ ಕಿತ್ತುಕೊಂಡು ಸಿಂಕಿನ ಹತ್ತಿರ ಹೋದೆ. ಇವತ್ತು ಇದೇನೆಂದು ನೋಡಿಯೇ ಬಿಡುತ್ತೇನೆ ಎಂದು ಪಾತ್ರೆ ಸೋಪು ಹಾಕಿ ತಿಕ್ಕಿದೆ. ಕರಿ ಹೋಗಿ ಬಿಳಿ ಬಂತು. ಪಿನ್ನಿನಿಂದ ಬಿಡಿಸಿದೆ. ದಾರ! ಅದರ ಉದ್ದಕ್ಕೂ ಸಣ್ಣ ಸಣ್ಣ ಗಂಟು, ಒಂದು ಗಂಟು, ಸ್ವಲ್ಪ ಜಾಗ, ಇನ್ನೊಂದು ಗಂಟು. ಕೂದಲಿನಲ್ಲಿ ಗಂಟು ಎಲ್ಲಿಂದ ಬರಬೇಕು? ಮಲ್ಲಿಗೆ ಮೊಗ್ಗನ್ನು ಎದುರುಬದುರಾಗಿ ಇಟ್ಟು ಹಾಕುವ ಗಂಟು ಅದು. ದಿನಾ ಬೆಳಿಗ್ಗೆ ಬಾಗಿಲಿಗೆ ಬರುವ ಹೂವಿನವಳ ಹತ್ತಿರ ನಾನೇ ಮೊಳ ಹಾಕಿಸಿ ಕೊಳ್ಳುವ ಹೂವು. ಅದನ್ನು ದೇವರ ತಟ್ಟೆಯಲ್ಲಿ ಇಡುತ್ತೇನೆ. ದೇವರ ತಟ್ಟೆಗೆ ಕೈ ಹಾಕುವವರು ನಮ್ಮ ಮನೆಯಲ್ಲಿ ಅತ್ತೆ ಒಬ್ಬರೇ.

"ಅವ್ವನಾ?" ಎಂದರು ಗಂಡ, ದಾರ ನೋಡುತ್ತ. ಆಮೇಲೆ ಮೆಲ್ಲಗೆ, "ನೀನೇ ಕೇಳು" ಎಂದು ಆಮೆಯ ಹಿಂದೆ ಅಡಗಿಕೊಂಡರು. ನನ್ನ ಕೂದಲಿಗೆ ಕ್ಷಮೆ ಕೇಳುವುದಂತೂ ದೂರದ ಮಾತಾಯಿತು.

ನನಗೆ ಮೈಯೆಲ್ಲ ಉರಿಯಿತು. ಇವರ ಕಾಲಿಗೆಂದು ನಾನು ಟೋಪಿ ಹಾಕಿದೆ, ಪಕ್ಕದ ಮನೆಯವರ ಹತ್ತಿರ ಕೆಟ್ಟವಳಾದೆ, ವೈರು ಸುತ್ತಿಕೊಂಡು ಹರಿಹರ ಸುತ್ತಿದೆ. ಇವರು ನೋಡಿದರೆ ತಮ್ಮ ಕೈಯಾರೆ ಆಮೆಯ ಕೊರಳು ಬಿಗಿಯುತ್ತಿದ್ದರು! ಕೇಳಿಯೇ ಬಿಡೋಣ ಎಂದು ಅವರ ಕೋಣೆಗೆ ಹೋಗಿ, ದಾರವನ್ನು ಹಾಸಿಗೆಯ ಮೇಲೆ ಇಟ್ಟೆ.

"ಅತ್ತಿ, ನೀರಿಗೆ ಹೂ ಹಾಕ್ತಿದ್ರೇನ್ರಿ?"

"ಹೂಂ. ನೀ ಅರಿವೆ ಬದಲಿಸಿ ಬರಾದ್ರೊಳಗ ಒಂದು ಚೋಟು ಹರಿದು ಹಾಕ್ತಿದ್ದೆ" ಎಂದರು, ಇದರಲ್ಲೇನಿದೆ ಎಂಬಂತೆ. "ಗಂಗವ್ವಗ ಹೂ ಏರಿಸದ ಇಳಿಯಾದು ಹೆಂಗೆ?"

"ಅದು ಬೋರಿನ ನೀರ್ರಿ. ಔಷಧಿ ಹಾಕಿದ್ದು."

"ಬೋರಿನಾಗ ಬಂದ್ರ ಗಂಗವ್ವ ಅಲ್ಲೇನು?"

"ಸೊಂಟದ ಮಟ ನೀರು! ನಾ ಕೈ ಹಿಡ್ಕಂಡೇ ಇರ್ತೀನಿ. ನಿಮಗ್ಯಾಕ್ರಿ ಅಷ್ಟು ಭಯ?" ಎಂದು ಧ್ವನಿ ಏರಿಸಿದೆ.

ಅತ್ತೆ ನನ್ನನ್ನೇ ನೋಡಿದರು. "ನಂಗೆಂಥ ಭಯನೇ ಹುಚ್ಚಿ? ನಾ ಹೊಳಿ ದಂಡ್ಯಾಗ ಬೆಳೆದಾಕಿ. ಕಚ್ಚಿ ಕಟ್ಕಂಡು ಈಜಿ ಆ ದಂಡಿಗೆ ಹೋಗಿ ಸೌತೆಕಾಯಿ ಕದ್ದು ತರ್ತಿದ್ದೆ. ಹೂ ನಂಗಲ್ಲ. ನಿಂಗ."

"ನಂಗಾ?" ಎಂದೆ.

"ನಿಂಗ ಈಜು ಬರಲ್ಲ. ನೀರಾಗ ಕಾಲಿಟ್ಟ ಕೂಡ್ಲೇ ಮೈಯೆಲ್ಲ ನಡುಗ್ತೈತೆ. ನನ್ನ ಕೈ ಹೆಂಗೆ ಹಿಡ್ಕಂತೀ ಗೊತ್ತೈತಾ?" ಎಂದು ಮುಂಗೈ ಮುಂದೆ ಚಾಚಿದರು. "ನಿನ್ನ ಗಾಜಿನ ಬಳಿ ಒತ್ತಿ ಒತ್ತಿ ಇಲ್ಲಿ ಕೆಂಪಗಾಗಿರ್ತಿತ್ತು. ಆದ್ರೂ ಒಂದಿನಾನೂ ಒಲ್ಲೆ ಅನ್ನಲಿಲ್ಲ ನೀನು. ಕಾಲು ಜಾರಿ ನೀ ಆಳದ ಕಡಿ ಹೋದ್ರ ಈ ಕಾಲು ಕಟ್ಕಂಡು ನಾ ನಿನ್ನ ಹೆಂಗೆ ಎಳಕಂಬರ್ಲಿ ತಾಯಿ? ಅದಕ್ಕೇ ಗಂಗವ್ವಗ ಹೇಳ್ತಿದ್ದೆ, ನನ್ನ ಸೊಸಿನ ಹುಷಾರಾಗಿ ನೋಡ್ಕ ಅಂತ."

ಬೈಯಬೇಕೆಂದು ಬಾಯಿತುಂಬ ಇಟ್ಟುಕೊಂಡಿದ್ದೆ. ಎಲ್ಲಿ ಹೋಯಿತೋ. ಹಾಸಿಗೆಯ ಅಂಚಿನಲ್ಲಿ ಕುಳಿತು ಅತ್ತುಬಿಟ್ಟೆ. ಅವರೇ ಸೆರಗಿನಿಂದ ನನ್ನ ಕಣ್ಣು ಒರೆಸಿ, "ಆಮಿ ಸತ್ತೇ ಹೋತೇನು?" ಎಂದು ಕೇಳಿದರು.

ಸತ್ತಿರಲಿಲ್ಲ. ಹರಿಹರದಿಂದ ಇನ್ನೊಂದು ಉಂಗುರ ಬಂತು. ಆ ಸಲ ಹೊಳೆಯನ್ನು ಕಣ್ಣಾರೆ ನೋಡಿ ಬಂದು ವರದಿ ಒಪ್ಪಿಸಿದೆ. ಆಮೆ ತಳಕ್ಕಿಳಿದು ಹಸಿರನ್ನೆಲ್ಲ ನುಂಗಿತು. ನೀಲಿ ಟೈಲ್ಸ್ ಕಾಣಿಸಿದ ದಿನ ಗಂಡ ಮೀಸೆ ತಿರುವಿ, "ಹೊಸದಂತೆ, ಹೊಸದು" ಎಂದರು. ನನ್ನ ಉಪ್ಪಿನಕಾಯಿ ಬಟ್ಟಲಲ್ಲಿ ಮೂರು ಸ್ಕ್ರೂ ಇನ್ನೂ ಉಳಿದಿದ್ದವು. ಎಲ್ಲಿಯವು ಎಂದರೆ, "ಅವು ಬೇಕಾಗಲ್ಲ ಬಿಡು" ಎಂದರು.

ಮರುದಿನ ಬೆಳಿಗ್ಗೆ ಹೂವಿನವಳಿಗೆ ಹೇಳಿದೆ, "ಕಟ್ಟಿದ್ದು ದೇವರಿಗೆ ಕೊಡು. ಇನ್ನೊಂದು ಹಿಡಿ ಬಿಡಿ ಹೂ ಬೇರೆ ಹಾಕು." ಆ ಬಿಡಿ ಹೂವನ್ನು ನಾನೇ ಅತ್ತೆಯ ಕೈಗೆ ಕೊಟ್ಟೆ. ಅವರು ಕುರ್ಚಿಯಲ್ಲಿ ಕುಳಿತೇ ನೀರಿಗೆ ಹಾಕಿ, ಕೈ ಮುಗಿದು, ತುಟಿಯಲ್ಲೇ ಏನೋ ಹೇಳಿದರು. ಗೋಡೆಯ ಆಚೆಯಿಂದ ಗಂಡ, "ಮತ್ತೆ ಹೂ ಹಾಕ್ತೈತಾ ಅವ್ವ?" ಎಂದು ಕೂಗಿದರು.

"ದಾರ ಇಲ್ಲ, ಸುಮ್ಮನಿರ್ರಿ" ಎಂದೆ.

ನೀರಿಗೆ ಇಳಿದೆವು. ಅವರ ಮುಂಗೈ ನೆನಪಾಗಿ ಹಿಡಿತ ಸಡಿಲ ಮಾಡಿದೆ. ಬಳೆಯನ್ನೂ ಮೇಲಕ್ಕೆ ಸರಿಸಿಕೊಂಡಿದ್ದೆ. ಅತ್ತೆ ಆ ನೋಯುವ ಕಾಲನ್ನು ಎತ್ತಿ ಮುಂದಿಟ್ಟು, ತಿರುಗಿ ನನ್ನ ಕೈಯನ್ನು ತಾವೇ ಗಟ್ಟಿಯಾಗಿ ಹಿಡಿದರು.

"ಬಿಡಬ್ಯಾಡ" ಎಂದರು. "ನಾ ಇದೀನಿ, ಬಾ."