ಅಂಗಿಯ ಅಂಚು ಸವರುವ ಅಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ವ್ಯಸನಮುಕ್ತಿ ಕೇಂದ್ರದ ಹಿಂಬದಿಯ ಕೋಣೆಯಲ್ಲಿ ಹಂಡೆಯ ನೀರು ಕುದಿಯುತ್ತಿದೆ. ಬಟ್ಟೆ ಒಗೆಯುವ ಅಕ್ಕ ಕಾಲು ಚಾಚಿ ಕುಳಿತು ಗುಡ್ಡೆಯಿಂದ ಒಂದೊಂದನ್ನೇ ಎಳೆದುಕೊಳ್ಳುತ್ತಾರೆ. ಮೊದಲು ಜೇಬು, ಆಮೇಲೆ ಕಾಲರು, ಕೊನೆಗೆ ಅಂಚಿನ ಮಡಿಕೆ. ಅವರ ಬೆರಳು ಸವರದೆ ಯಾವ ಬಟ್ಟೆಯೂ ನೀರಿಗೆ ಬೀಳುವುದಿಲ್ಲ.

ಇಲ್ಲಿರುವವರೆಲ್ಲ ಮಾತ್ರೆ, ಪುಡಿ, ಸೂಜಿಗಳ ಕೈಗೆ ಸಿಕ್ಕಿ ನಲುಗಿದವರು. ಹೊರಗಿನ ಗೆಳೆಯರು ಅಂಗಿಯಲ್ಲಿ ಮಾತ್ರೆ ಹೊಲಿದು ಕಳಿಸುವುದುಂಟು. ಸಿಕ್ಕರೆ ಅಕ್ಕ ಮೇಲ್ವಿಚಾರಕಿಗೆ ಹೇಳಲೇಬೇಕು. ಎರಡನೆಯ ಸಲ ಸಿಕ್ಕಿಬಿದ್ದವನು ಅಂದೇ ಗೇಟಿನ ಹೊರಗೆ.

ದಿನಕ್ಕೆ ನಲವತ್ತರ ಮೇಲೆ ಹೊದಿಕೆಗಳು. "ಹೊಸಬರ ಹೊದಿಕೆ ಹಿಂಡಿದ್ರೆ ಬರೀ ಬೆವರು. ಒಣಗಿದ್ದು ಬಂತು ಅಂದ್ರೆ, ಪುಣ್ಯಾತ್ಮ ನಿನ್ನೆ ನಿದ್ದೆ ಮಾಡ್ದ ಅಂತ ನನಗೂ ಹಗುರ" ಎನ್ನುತ್ತಾರೆ. ಬಟ್ಟೆ ಒಗೆಯುವ ಸೋಡಾಕ್ಕೆ ಅಂಗೈಗಳು ಬಿರುಕುಬಿಟ್ಟಿವೆ. ಬಡಗಿ ಗಂಡನಿಗೆ ಅದೇ ತಮಾಷೆ: "ಮರ ಉಜ್ಜೋಕೆ ಇವಳ ಕೈಯೇ ಸಾಕು!"

ಅಕ್ಕನಿಗೆ ಒಬ್ಬ ತಮ್ಮನಿದ್ದ. ಗೋಡೆಗೆ ಬಣ್ಣ ಬಳಿಯುವವನು. ಮಾತ್ರೆಯ ಚಟಕ್ಕೆ ಮೊದಲು ಮನೆಯ ಪಾತ್ರೆಗಳು ಹೋದವು, ಆಮೇಲೆ ತಾಯಿಯ ಓಲೆ. ಅಕ್ಕಪಕ್ಕದವರು ಬಾಗಿಲು ಹಾಕಿಕೊಂಡರು. ಕೊನೆಗೆ ಅವನೇ ಹೋದ. "ಅಮ್ಮ ಇವತ್ತಿಗೂ ಅವನ ಅಂಗಿ ಒಗೆದು ಮಡಿಸಿ ಇಡ್ತಾಳೆ. ನಾನು ಬೇಡ ಅನ್ನಲ್ಲ."

ಮಾತಿನ ನಡುವೆ ಬೆರಳು ಗಕ್ಕನೆ ನಿಲ್ಲುತ್ತದೆ. ನೀಲಿ ಅಂಗಿಯ ಮಡಿಕೆಯಲ್ಲಿ ಏನೋ ಚಿಕ್ಕದು, ಗಟ್ಟಿಯಾದದ್ದು. ಒಮ್ಮೆ ಆಗಲೇ ಸಿಕ್ಕಿಬಿದ್ದಿರುವ ಲಾರಿ ಡ್ರೈವರನ ಅಂಗಿ ಅದು. ಅಕ್ಕನ ಮುಖ ಕಪ್ಪಿಡುತ್ತದೆ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಬರಿಗಾಲಿನ ದಡಬಡ ಸದ್ದು.

"ಅಕ್ಕಾ, ಆ ಶರ್ಟು ನೀರಿಗೆ ಹಾಕ್ಬೇಡಿ!"

"ಹೀಗೆ ಓಡಿ ಬರೋರನ್ನ ನಾನು ಬೇಕಾದಷ್ಟು ನೋಡಿದ್ದೀನಿ. ನಿಲ್ಲು ಅಲ್ಲೇ."

"ಅದಲ್ಲ ಅಕ್ಕಾ..."

"ಬಾಯ್ಮುಚ್ಚು. ಹೆಂಡತಿ ಮಕ್ಕಳ ಮುಖ ನೆನಪಾಗ್ಲಿಲ್ವೇನೋ?"

ಹೊಲಿಗೆ ಪರ್ರನೆ ಬಿಚ್ಚುತ್ತದೆ. ಅಂಗೈಗೆ ಉದುರಿದ್ದು ಒಂದು ಹಾಲುಹಲ್ಲು.

"ಮಗಳದ್ದು" ಎನ್ನುತ್ತಾನೆ ಅವನು, ತಲೆ ತಗ್ಗಿಸಿ. "ಮೊದಲ್ನೇದು. ಅಪ್ಪಂಗೇ ತೋರಿಸ್ಬೇಕು ಅಂತ ಹಠವಂತೆ. ಬಟ್ಟೆ ಬಿಟ್ಟು ಬೇರೇನೂ ಒಳಗೆ ಬಿಡಲ್ವಲ್ಲ, ನನ್ನ ಹೆಂಡ್ತಿ ಹೊಲಿದು ಕಳಿಸಿದ್ಲು. ತೆಗೆದಿಟ್ಕೊಳ್ಳೋದು ಮರೆತೆ."

ಅಕ್ಕ ಗೋಡೆಗೆ ಒರಗಿ, ಕಣ್ಣು ಮುಚ್ಚಿ, "ದೇವ್ರೇ, ನೀನು ದೊಡ್ಡವನು" ಎನ್ನುತ್ತಾರೆ. ಮರುಕ್ಷಣವೇ ನಗು ಉಕ್ಕುತ್ತದೆ. "ನನ್ನ ಜೀವಾನೇ ಹಾರಿಸಿಬಿಟ್ಟಲ್ಲೋ, ಹಲ್ಲು ಕಳ್ಳ!" ಅವನೂ ನಗುತ್ತಾನೆ, ಕಣ್ಣೊರೆಸಿಕೊಳ್ಳುತ್ತ.

ಅಂಗಿ ಒಗೆದು ಒಣಗಿದ ಮೇಲೆ, ಮೇಲ್ವಿಚಾರಕಿಯ ಒಪ್ಪಿಗೆ ಕೇಳಿಕೊಂಡು ಅಕ್ಕ ಹಲ್ಲನ್ನು ಅದೇ ಮಡಿಕೆಯಲ್ಲಿಟ್ಟು ಹೊಲಿಯುತ್ತಾರೆ. ನಿಮಗೇನು ಆಸೆ ಎಂದು ಕೇಳಿದರೆ ದಾರವನ್ನು ಹಲ್ಲಿನಲ್ಲೇ ಕಡಿದು ಹೇಳುತ್ತಾರೆ:

"ಆ ಮಗೂಗೆ ಇನ್ನೂ ಎಷ್ಟೋ ಹಲ್ಲು ಬೀಳೋದಿದೆ. ಅವನ್ನೆಲ್ಲ ಇವನು ಮನೇಲೇ ಕೂತು ನೋಡ್ಲಿ. ನನ್ನ ಕೈಗೆ ಮಾತ್ರ ಇನ್ನೊಂದು ಬರೋದು ಬೇಡಪ್ಪ."