ಅರ್ಧ ಸೇತುವೆ ಗುಡಿಸುವ ಅಕ್ಕ

ಇನ್ನೂ ನಸುಕು. ಹೊಳೆಯ ಮೇಲಿನ ಮಂಜು ಕರಗಿಲ್ಲ. ತಲೆಗೆ ಬಟ್ಟೆ ಸುತ್ತಿ, ಉದ್ದ ಹಿಡಿಯ ಪೊರಕೆ ಹಿಡಿದ ಆಕೆ ಸೇತುವೆಯ ಈ ತುದಿಯಿಂದ ಗುಡಿಸುತ್ತ ಹೊರಡುತ್ತಾರೆ. ನಡುವೆ ಎಳೆದ ಬಿಳಿ ಗೆರೆಯವರೆಗೆ ಮಾತ್ರ. ಅದರಾಚೆಯ ಕಸ ಆಚೆ ಊರಿನದು. ಗೆರೆ ಹತ್ತಿರವಾದಂತೆ ಪೊರಕೆ ತಾನಾಗಿ ನಿಧಾನವಾಗುತ್ತದೆ. ಎದುರಿನಿಂದ ಈಗ ಒಬ್ಬ ಹೊಸಬ ಗುಡಿಸುತ್ತ ಬರುತ್ತಾನೆ, ತಲೆ ಎತ್ತುವುದಿಲ್ಲ. ಆಕೆ ಒಂದು ಗಳಿಗೆ ಆಚೆ ದಡವನ್ನೇ ನೋಡಿ, ಕಸವನ್ನು ಬುಟ್ಟಿಗೆ ತುಂಬಿ ಹಿಂದಿರುಗುತ್ತಾರೆ.

ಊರಿಗೆಲ್ಲ ಇವರು 'ಸೇತುವೆ ಅಕ್ಕ'. ಎರಡು ಊರುಗಳ ಜಗಳ ಹೊತ್ತಿಕೊಂಡ ವರ್ಷದಿಂದ ಇಲ್ಲಿ ಜನರ ಓಡಾಟ ಬಂದ್; ಸರಕಿನ ಲಾರಿಗಳಿಗಷ್ಟೇ ದಾರಿ. ಅವು ಬರುವ ಮುನ್ನ ರಸ್ತೆ ಚೊಕ್ಕಟವಾಗಬೇಕು. ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದ ಅಕ್ಕನಿಗೆ ಗೆರೆಯಾಚೆ ಎದುರಾದವರು ಅಲ್ಲಿ ಗುಡಿಸುತ್ತಿದ್ದ ಹೆಂಗಸು. ಇವರ ಮಾತು ಅವರಿಗೆ ಬಾರದು, ಅವರದು ಇವರಿಗೆ ಬಾರದು.

"ಮೊದಮೊದಲು ಇಬ್ರೂ ಮುಖ ತಿರುಗಿಸ್ಕೊಂಡೇ ಇದ್ವಿ. ಒಂದಿನ ಅವಳು ಗುಡಿಸ್ತಾ ಏನೋ ಗುನುಗ್ತಿದ್ಲು. ನನ್ನ ಪೊರಕೆ ನಿಂತೇಹೋಯ್ತು. ಇನ್ನೊಂದ್ಸಲ ಹೇಳು ಅಂತ ಕೈಸನ್ನೆ ಮಾಡ್ದೆ."

ಹಾಗೆ ಶುರುವಾಯಿತು. ದಿನಕ್ಕೆ ಅವರದೊಂದು ಸಾಲು, ಇವರದೊಂದು ಸಾಲು. ಅಕ್ಕ ತಾಯಿಯಿಂದ ಕಲಿತ ಹಾಡು ಕೊಟ್ಟರು, ಅವರಿಂದ ಒಂದು ಜೋಗುಳ ಪಡೆದರು. "ಧಾಟಿ ಕೇಳಿ ತಾಯಿ ಇಲ್ಲದ ಮಗೂದು ಅಂದ್ಕೊಂಡು ಎಷ್ಟು ದಿನ ಕಣ್ಣೀರು ಹಾಕಿದ್ನೋ. ಆಮೇಲೆ ಎರಡೂ ಮಾತು ಬಲ್ಲ ಲಾರಿ ಡ್ರೈವರ್ ಒಬ್ರು ಹೇಳಿದ್ರು, ಅದು ಹಾಲು ಕದ್ದ ಬೆಕ್ಕಿನ ಹಾಡಂತೆ" ಎಂದು ಅಕ್ಕ ಬಾಯಿಗೆ ಕೈ ಅಡ್ಡ ಇಟ್ಟು ನಗುತ್ತಾರೆ.

ಮನೆಯಲ್ಲಿ ಮಾತ್ರ ಇದು ನಗುವ ವಿಷಯವಾಗಿರಲಿಲ್ಲ. ಮೈದುನನ ಎಡಗಣ್ಣು ಹೋಗಿದ್ದು ಆಚೆಯಿಂದ ಬಂದ ಕಲ್ಲಿಗೆ. ಮೈದುನನ ಎಳೆಮಗು ರಚ್ಚೆ ಹಿಡಿದ ಒಂದು ಸಂಜೆ ಅಕ್ಕ ಅದನ್ನು ತೊಡೆಯ ಮೇಲೆ ಹಾಕಿಕೊಂಡು ಆ ಜೋಗುಳ ಹೇಳಿದರು. ಮಗು ಮಲಗಿತು. "ಚೆನ್ನಾಗಿದೆ ಅತ್ತಿಗೆ, ಯಾರ ಹಾಡು?" ಎಂದರು ಮೈದುನ. ಸುಳ್ಳು ಹೇಳಲು ಅಕ್ಕನಿಗೆ ಬಾಯಿ ಬರಲಿಲ್ಲ. ಕೇಳಿದ್ದೇ ತಡ ಮೈದುನ ಎದ್ದು ಹೊರಗೆ ಹೋದರು. ಎಷ್ಟೋ ದಿನ ಮಾತು ಬಿಟ್ಟರು. ಮಗು ಮಾತ್ರ ಬೇರೆ ಯಾವ ಹಾಡಿಗೂ ಜಗ್ಗಲಿಲ್ಲ. ಕೊನೆಗೊಂದು ದಿನ ಮೈದುನ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅತ್ತಿಗೆ, ಅದನ್ನ ನಂಗೂ ಹೇಳ್ಕೊಡಿ" ಎಂದರಂತೆ.

ಹೋದ ಬೇಸಿಗೆಯಲ್ಲಿ ಮತ್ತೆ ಗಲಾಟೆಯೆದ್ದು ಈ ದಡದ ಗುಂಪು ಕಲ್ಲು ಗುಡ್ಡೆ ಹಾಕಿಕೊಂಡಾಗ ಅಡ್ಡ ನಿಂತವರೂ ಅದೇ ಮೈದುನ. "ಮೊದ್ಲು ನನ್ಮೇಲೆ ಎಸೀರಿ. ಇನ್ನೊಂದು ಕಣ್ಣು ಉಳಿದಿದೆಯಲ್ಲ" ಎಂದರು. ಒಬ್ಬೊಬ್ಬರಾಗಿ ಕಲ್ಲು ಕೆಳಗಿಟ್ಟರು.

ಈ ಸಂಗತಿಯನ್ನು ಗೆಳತಿಗೆ ತಿಳಿಸಲು ಅಕ್ಕನಿಗೆ ಆಗಲೇ ಇಲ್ಲ. ಅಷ್ಟರಲ್ಲಿ ಮಂಡಿನೋವಿನಿಂದ ಗೆಳತಿ ಕೆಲಸ ಬಿಟ್ಟಿದ್ದರು; ಡ್ರೈವರೇ ಸುದ್ದಿ ತಂದರು. ಜೋಗುಳದ ಕೊನೆಯ ನುಡಿ ಕಲಿಯುವುದು ಬಾಕಿ ಉಳಿಯಿತು. ಬೆಕ್ಕು ಸಿಕ್ಕಿಬಿತ್ತೋ ಇಲ್ಲವೋ ಅಕ್ಕನಿಗೆ ಇಂದಿಗೂ ಗೊತ್ತಿಲ್ಲ.

ಸೇತುವೆ ತೆರೆದರೆ ಏನು ಮಾಡುತ್ತೀರಿ? ಅಕ್ಕ ಪೊರಕೆಯ ಕಡ್ಡಿಗಳನ್ನು ನೆಲಕ್ಕೆ ಕುಟ್ಟಿ ಸಮ ಮಾಡಿಕೊಳ್ಳುತ್ತಾರೆ.

"ಅವಳ ಮನೆ ಹುಡುಕ್ಕೊಂಡು ಹೋಗ್ತೀನಿ. ಇಷ್ಟು ವರ್ಷ ನಾವಿಬ್ರೂ ನಿಂತ್ಕೊಂಡೇ ಹಾಡಿದ್ದು. ಒಂದ್ಸಲ ಪಕ್ಕಪಕ್ಕ ಕೂತ್ಕೊಂಡು ಹಾಡ್ಬೇಕು."